ಮನೆಯಲ್ಲೇ ಹೊಲಿಯುವ ಜೊಲ್ಲುಬಟ್ಟೆ

ಮಗುವಿಗೆ ಮೂರು ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಬಾಯಿಂದ ಜೊಲ್ಲು ಸುರಿಯತೊಡಗುವುದು ಸಹಜ. ಊರಿದ ಜೊಲ್ಲನ್ನೆಲ್ಲ ನುಂಗುವ ರೂಢಿ ಆ ವಯಸ್ಸಿಗೆ ಇನ್ನೂ ಬಂದಿರುವುದಿಲ್ಲ. ಇದು ರೋಗವಲ್ಲ. ಆದರೆ ಅಂಗಿಯ ಮುಂಭಾಗ ದಿನವಿಡೀ ತೊಯ್ದಿದ್ದರೆ ಗದ್ದ, ಕೊರಳಿನ ಮಡಿಕೆ ಹಾಗೂ ಎದೆಯ ಚರ್ಮ ಕೆಂಪಾಗಿ, ಗುಳ್ಳೆ ಎದ್ದು ಮಗು ನರಳುತ್ತದೆ. ಇದನ್ನು ತಡೆಯುವ ಸುಲಭ ಸಾಧನವೇ ಜೊಲ್ಲುಬಟ್ಟೆ. ಪೇಟೆಯಲ್ಲಿ ಇದಕ್ಕೆ 'ಬಿಬ್' ಎನ್ನುತ್ತಾರೆ. ಇದಕ್ಕಾಗಿ ಹಾಸನದ ಅಥವಾ ಚನ್ನರಾಯಪಟ್ಟಣದ ಅಂಗಡಿಗೆ ಹೋಗಬೇಕಾಗಿಲ್ಲ. ಹಳೆಯ ಬಟ್ಟೆ, ಸೂಜಿ, ದಾರ, ಒಂದು ಸಂಜೆಯ ಬಿಡುವು ಇದ್ದರೆ ಸಾಕು.

ಬಟ್ಟೆಯ ಆಯ್ಕೆ

ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆ, ಪಂಚೆ ಅಥವಾ ಟವೆಲು ಉತ್ತಮ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ತೇವವನ್ನು ಚೆನ್ನಾಗಿ ಹೀರುವುದಿಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಹೊಲಿಯಬೇಡಿ.

ನಮ್ಮ ಜಿಲ್ಲೆಯ ರೈತ ಕುಟುಂಬಗಳು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಹಾಸನ ಸೀಮೆಯಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗಲದಂತೆ ಔಷಧಿ ಸಿಂಪಡಿಸುತ್ತಾರೆ. ಅರಕಲಗೂಡು ತಾಲ್ಲೂಕಿನಲ್ಲಿ ತಂಬಾಕು ಬೆಳೆಯುತ್ತಾರೆ. ಸಿಂಪಡಿಸುವಾಗ ಉಟ್ಟ ಪಂಚೆ, ತಲೆಗೆ ಸುತ್ತಿದ ಟವೆಲು, ತಂಬಾಕಿನ ಕೆಲಸಕ್ಕೆ ಬಳಸಿದ ಬಟ್ಟೆ ಇವುಗಳನ್ನು ಎಷ್ಟೇ ಒಗೆದಿದ್ದರೂ ಮಗುವಿಗೆ ಬಳಸಕೂಡದು. ಮಗು ಜೊಲ್ಲುಬಟ್ಟೆಯನ್ನು ಬಾಯಿಗಿಟ್ಟು ಚೀಪುತ್ತದೆ ಎಂಬುದನ್ನು ಮರೆಯಬಾರದು. ಆರಿಸಿದ ಬಟ್ಟೆಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಅನಂತರ ಕತ್ತರಿಸಿ.

ಅಳತೆ ಮತ್ತು ಹೊಲಿಗೆ

22 ಸೆಂ.ಮೀ. ಅಗಲ, 32 ಸೆಂ.ಮೀ. ಉದ್ದದ ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು, ಉದ್ದಕ್ಕೆ ಸರಿಯಾಗಿ ನಡುವೆ ಮಡಿಸಿ. ಮಡಿಕೆಯ ಮೇಲೆ, ಮೇಲಂಚಿನಿಂದ 8 ಸೆಂ.ಮೀ. ಕೆಳಗೆ ಒಂದು ಗುರುತು ಹಾಕಿ. ಆ ಗುರುತಿನ ಸುತ್ತ 4 ಸೆಂ.ಮೀ. ದೂರದಲ್ಲಿ ಅರ್ಧ ವೃತ್ತ ಬರೆದು ಕತ್ತರಿಸಿ. ಬಿಡಿಸಿದಾಗ ಕೊರಳಿನ ದುಂಡು ಕಾಣುತ್ತದೆ. ಮೇಲಂಚಿನಿಂದ ಆ ದುಂಡಿನವರೆಗೆ ಮಡಿಕೆಯ ಗೆರೆಯಲ್ಲೇ ಸೀಳಿ. ಈ ಸೀಳು ಮಗುವಿನ ಹಿಂಗೊರಳಿಗೆ ಬರುತ್ತದೆ.

ಎರಡು ತುಂಡುಗಳ ಒಳ್ಳೆಯ ಮೈ ಒಳಮುಖವಾಗಿರಲಿ. ಸೀಳಿನ ಎರಡೂ ಬದಿಗೆ 15 ಸೆಂ.ಮೀ. ಉದ್ದದ ಒಂದೊಂದು ಬಟ್ಟೆಯ ಲಾಡಿಯನ್ನು ಪದರಗಳ ನಡುವೆ ಸೇರಿಸಿ. ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಸುತ್ತಲೂ ಹೊಲಿಯುತ್ತ ಬನ್ನಿ. ಕೆಳಅಂಚಿನಲ್ಲಿ 6 ಸೆಂ.ಮೀ. ಮಾತ್ರ ಹೊಲಿಯದೆ ಬಿಡಿ. ಕೊರಳಿನ ಸುತ್ತ, ಹೊಲಿಗೆಗೆ ತಗಲದಂತೆ, ಅಲ್ಲಲ್ಲಿ ಚಿಕ್ಕ ಕಚ್ಚು ಹಾಕಿದರೆ ಬಟ್ಟೆ ಸುಕ್ಕಾಗದು. ಬಿಟ್ಟ ಜಾಗದಿಂದ ಒಳಹೊರಗು ತಿರುಗಿಸಿ, ಬಾಯಿ ಮುಚ್ಚಿ, ಮೇಲೊಂದು ಸುತ್ತು ಹೊಲಿಗೆ ಹಾಕಿ. ಗುಂಡಿ, ಮಣಿ, ಪಿನ್ನು ಬೇಡವೇ ಬೇಡ. ಕಿತ್ತು ಬಂದ ಗುಂಡಿ ಮಗುವಿನ ಗಂಟಲಿನಲ್ಲಿ ಸಿಕ್ಕಿ ಉಸಿರು ಕಟ್ಟಬಹುದು.

ಕೊರಳಿನ ಎಚ್ಚರಿಕೆ

ಲಾಡಿಯನ್ನು ಒಮ್ಮೆ ಎಳೆದೊಡನೆ ಬಿಚ್ಚುವಂತೆ ಕಟ್ಟಬೇಕು. ಕಟ್ಟಿದ ಮೇಲೆ ಕೊರಳಿಗೂ ಬಟ್ಟೆಗೂ ನಡುವೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಮಗುವನ್ನು ತೊಟ್ಟಿಲಿಗೆ ಅಥವಾ ಜೋಲಿಗೆ ಹಾಕುವ ಮುನ್ನ ಜೊಲ್ಲುಬಟ್ಟೆಯನ್ನು ತಪ್ಪದೆ ಬಿಚ್ಚಿ. ನಿದ್ರೆಯಲ್ಲಿ ಬಟ್ಟೆ ಮುಖವನ್ನು ಮುಚ್ಚಬಹುದು. ಲಾಡಿ ಎಲ್ಲಾದರೂ ಸಿಕ್ಕಿಕೊಂಡು ಕೊರಳನ್ನು ಬಿಗಿಯಬಹುದು. ಹೀಗಾದಾಗ ಮಗುವಿಗೆ ಕೂಗಲೂ ಆಗದು. ಹೊಲದ ಕೆಲಸಕ್ಕೆ ಹೋಗುವಾಗ ಮಗುವನ್ನು ಅಜ್ಜಿಯ ಅಥವಾ ಅಕ್ಕನ ಬಳಿ ಬಿಡುವವರು ಈ ಮಾತನ್ನು ಅವರಿಗೂ ತಿಳಿಸಿರಿ.

ಒಗೆಯುವ ಕ್ರಮ

ಒಂದು ಮಗುವಿಗೆ ಆರು ಜೊಲ್ಲುಬಟ್ಟೆಗಳಾದರೂ ಇರಲಿ. ಒದ್ದೆಯಾದೊಡನೆ ಬದಲಿಸಿ, ಕೊರಳಿನ ಮಡಿಕೆಯನ್ನು ಒರೆಸಿ ಒಣಗಿಸಿ. ಹೊಳೆನರಸೀಪುರದ ಕಡೆ ಹೇಮಾವತಿಯ ನೀರಿನಲ್ಲಿ ಒಗೆದು ತಂದರೂ ಕೊನೆಯಲ್ಲಿ ಮನೆಯ ಶುದ್ಧ ನೀರಿನಲ್ಲಿ ಜಾಲಿಸಬೇಕು. ಮಳೆಗಾಲದಲ್ಲಿ ಬಿಸಿಲು ಕಾಣದ ದಿನ ಇಸ್ತ್ರಿ ಹಾಕಿ ತೇವವನ್ನು ಪೂರ್ಣ ತೆಗೆಯಿರಿ. ಚರ್ಮ ಒಡೆದು ನೀರು ಒಸರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಇದ್ದಕ್ಕಿದ್ದಂತೆ ಜೊಲ್ಲು ಹೆಚ್ಚಿ, ಮಗು ನುಂಗಲಾರದೆ ಇದ್ದರೆ ಅಥವಾ ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟ ಮತ್ತು ಅಂತರ

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ. ಆರು ತುಂಬಿದೊಡನೆ ರಾಗಿ ಸರಿ, ಮೆತ್ತಗೆ ಹಿಸುಕಿದ ಅನ್ನ ಬೇಳೆ, ಬೇಯಿಸಿದ ಆಲೂಗಡ್ಡೆ ಆರಂಭಿಸಿ. ಬಟ್ಟೆ ಕೊಳೆಯಾದೀತೆಂದು ಊಟವನ್ನು ಮುಂದೂಡಬೇಡಿ. ಕೊಳೆಯಾಗುವುದಕ್ಕೆಂದೇ ಜೊಲ್ಲುಬಟ್ಟೆ ಇರುವುದು. ಎರಡು ವರ್ಷ ಹಾಗೂ ಅದರಾಚೆಗೂ ಎದೆಹಾಲು ಮುಂದುವರಿಯಲಿ.

ತಂದೆಯೂ ಮಗುವಿಗೆ ಉಣಿಸಬಹುದು, ಬಟ್ಟೆ ಒಗೆಯಬಹುದು. ಒಂದು ಮಗು ಜೊಲ್ಲುಬಟ್ಟೆಯನ್ನು ಬಿಡುವ ಮೊದಲೇ ಇನ್ನೊಂದು ಬಂದರೆ ತಾಯಿಯ ದೇಹಕ್ಕೆ ಚೇತರಿಸಿಕೊಳ್ಳಲು ಸಮಯವಿರದು. ಎರಡೂ ಮಕ್ಕಳ ಆರೈಕೆ ಕುಂದುತ್ತದೆ. ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿರಲಿ. ನಿರೋಧ್, ಕಾಪರ್-ಟಿ, ಛಾಯಾ ಮಾತ್ರೆ, ಅಂತರಾ ಚುಚ್ಚುಮದ್ದು ಇವುಗಳಲ್ಲಿ ನಿಮಗೆ ಹೊಂದುವುದನ್ನು ದಂಪತಿಗಳಿಬ್ಬರೂ ಆರೋಗ್ಯ ಕೇಂದ್ರದಲ್ಲಿ ಕೇಳಿ ಆರಿಸಿಕೊಳ್ಳಿ.

ನೆನಪಿಡಿ

1. ಮೆತ್ತನೆಯ, ಶುದ್ಧವಾದ ಹತ್ತಿ ಬಟ್ಟೆ.
2. ಗುಂಡಿ, ಪಿನ್ನು ಇಲ್ಲ. ಒಂದೇ ಎಳೆತಕ್ಕೆ ಬಿಚ್ಚುವ ಲಾಡಿ.
3. ಒದ್ದೆಯಾದರೆ ಬದಲಿಸಿ; ನಿದ್ರೆಗೆ ಮುನ್ನ ಬಿಚ್ಚಿ.
4. ಆರು ತಿಂಗಳು ತುಂಬಿದೊಡನೆ ಊಟ ಆರಂಭಿಸಿ.