ಗ್ರಂಥಪಾಲಕರು ಮತ್ತು ಅಂತರ್ಜಾಲದ ಹೊಸ ಸಾಧನಗಳು

ಪುಣೆ ಜಿಲ್ಲೆಯಲ್ಲಿ ನೀರಾ ನದಿಯ ದಡದಲ್ಲಿರುವ ಭೋರ್ ಪಟ್ಟಣವು 1948ರವರೆಗೆ ಪಂತ ಸಚಿವ ಮನೆತನದವರ ಸಂಸ್ಥಾನದ ರಾಜಧಾನಿಯಾಗಿತ್ತು. ಇಂದು ತಾಲ್ಲೂಕು ಕೇಂದ್ರವಾಗಿದೆ. ಇಂತಹ ಊರುಗಳ ಗ್ರಂಥಾಲಯ ವ್ಯವಸ್ಥೆಯು ಕರ್ನಾಟಕದಲ್ಲಿರುವಂತಹುದಲ್ಲ. ಕರ್ನಾಟಕದಲ್ಲಿ 1965ರ ಕಾಯಿದೆಯ ಮೇರೆಗೆ ಸರ್ಕಾರದ ಇಲಾಖೆಯೊಂದು ಸಾರ್ವಜನಿಕ ಗ್ರಂಥಾಲಯಗಳನ್ನು ಬೆಳೆಸಿತು. ಮಹಾರಾಷ್ಟ್ರದಲ್ಲಿ ಬಹುಪಾಲು ಗ್ರಂಥಾಲಯಗಳನ್ನು ಸಂಘಸಂಸ್ಥೆಗಳೇ ನಡೆಸುತ್ತವೆ. 1967ರ ಕಾಯಿದೆಯನ್ವಯ ಸರ್ಕಾರವು ಅವುಗಳನ್ನು ಅ, ಬ, ಕ, ಡ ಎಂಬ ದರ್ಜೆಗಳಾಗಿ ವಿಂಗಡಿಸಿ ಅನುದಾನ ನೀಡುತ್ತದೆ. ಸಣ್ಣ ದರ್ಜೆಯ ಗ್ರಂಥಾಲಯದಲ್ಲಿ ಬಾಗಿಲು ತೆರೆಯುವವರು, ಪುಸ್ತಕ ಕೊಡುವವರು, ಲೆಕ್ಕ ಬರೆಯುವವರು ಬಹುವೇಳೆ ಒಬ್ಬರೇ ಆಗಿರುತ್ತಾರೆ. ಅಂತರ್ಜಾಲ, ಮೊಬೈಲ್, ಸಾಮಾಜಿಕ ಜಾಲತಾಣಗಳೂ ಈಗ ಆ ಒಬ್ಬರ ಮೇಜಿನ ಮೇಲೆಯೇ ಬಂದು ಕುಳಿತಿವೆ.

ಇವುಗಳನ್ನು ಕಲಿಯುವುದು ಹೇಗೆ? ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಷಾರ್ಲೆಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ 2006ರಲ್ಲಿ ಹೆಲೆನ್ ಬ್ಲೋವರ್ಸ್ ಎಂಬವರು ಒಂದು ಸರಳ ಕ್ರಮವನ್ನು ರೂಪಿಸಿದರು. ಸಿಬ್ಬಂದಿಗೆ ಉಪನ್ಯಾಸಗಳಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ; 23 ಸಣ್ಣ ಅಭ್ಯಾಸಗಳನ್ನು ಕೊಟ್ಟು, ಒಂಬತ್ತು ವಾರಗಳಲ್ಲಿ ತಮ್ಮ ಬಿಡುವಿನಂತೆ ಮಾಡಿ ನೋಡಿ, ಅನುಭವವನ್ನು ಬರೆದಿಡುವಂತೆ ತಿಳಿಸಲಾಯಿತು. ಈ ಕ್ರಮವನ್ನು ಅನೇಕ ದೇಶಗಳ ಗ್ರಂಥಾಲಯಗಳು ಅನುಸರಿಸಿದವು. ಅಂದಿನ ಸಾಧನಗಳಲ್ಲಿ ಎಷ್ಟೋ ಇಂದು ಉಳಿದಿಲ್ಲ. ಗೂಗಲ್ ರೀಡರ್ 2013ರಲ್ಲಿಯೂ, ನಮ್ಮ ದೇಶದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ 2014ರಲ್ಲಿಯೂ ನಿಂತುಹೋದವು. ಆದುದರಿಂದ ಯಾವುದೇ ಒಂದು ಸಾಧನದ ಗುಂಡಿಗಳನ್ನು ಕಂಠಪಾಠ ಮಾಡುವುದಕ್ಕಿಂತ, ಗ್ರಂಥಾಲಯದ ಯಾವ ಕೆಲಸಕ್ಕೆ ಅದು ಒದಗುತ್ತದೆಂದು ಪರಿಶೀಲಿಸುವುದು ಹೆಚ್ಚು ಪ್ರಯೋಜನಕರ.

ಒಂದು ಉದಾಹರಣೆಯನ್ನು ನೋಡೋಣ. ಉದ್ಯೋಗದ ನಿಮಿತ್ತ ಭೋರಿನಲ್ಲಿ ನೆಲೆಸಿದ ಕನ್ನಡ ಕುಟುಂಬದ ಹಿರಿಯರೊಬ್ಬರು ಬಂದು, ಬಾಲ್ಯದಲ್ಲಿ ಓದಿದ ಗಳಗನಾಥರ ಕಾದಂಬರಿಯೊಂದನ್ನು ಮತ್ತೆ ಓದಬೇಕೆಂದು ಕೇಳಿದರೆಂದು ಭಾವಿಸೋಣ. ಗಳಗನಾಥರು ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಆಪ್ಟೆಯವರ ಹೆಸರು ಭೋರಿನ ಗ್ರಂಥಪಾಲಕರಿಗೆ ಚಿರಪರಿಚಿತ. ಆದರೆ ಅವರಿಗೆ ಕನ್ನಡ ಲಿಪಿ ಬಾರದು; ಕಪಾಟಿನಲ್ಲಿ ಕನ್ನಡ ಪುಸ್ತಕಗಳೂ ಇಲ್ಲ. ಹಿಂದೆ ಆಗಿದ್ದರೆ ಓದುಗರು ಬರಿಗೈಯಲ್ಲಿ ಮರಳಬೇಕಾಗಿತ್ತು. ಈಗ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯನ್ನು ಅಳವಡಿಸಿ ಓದುಗರ ಕೈಗೇ ಕೊಡಬಹುದು. ಬೆರಳಚ್ಚು ಬಾರದವರು ಹೆಸರನ್ನು ಉಚ್ಚರಿಸಿದರೂ ಅದು ಅಕ್ಷರರೂಪ ತಾಳುತ್ತದೆ.

ಮುಂದಿನ ಹಂತದಲ್ಲಿ ಗ್ರಂಥಪಾಲಕರ ಹಳೆಯ ವಿದ್ಯೆ ನೆರವಿಗೆ ಬರುತ್ತದೆ. 'ಗಳಗನಾಥ' ಎಂಬುದು ಕಾವ್ಯನಾಮ. ಲೇಖಕರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಐಐಟಿ ಖರಗ್‌ಪುರವು ರೂಪಿಸಿದ, 2018ರಲ್ಲಿ ದೇಶಕ್ಕೆ ಸಮರ್ಪಿತವಾದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ಒಂದು ಹೆಸರಿನಿಂದ ದೊರೆಯದುದು ಇನ್ನೊಂದರಿಂದ ದೊರೆಯಬಹುದು. ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಗ್ರಂಥಗಳ ಹೆಸರುಗಳು ರೋಮನ್ ಅಕ್ಷರಗಳಲ್ಲಿ ಏಕರೂಪವಿಲ್ಲದೆ ದಾಖಲಾಗಿವೆ. ದೀರ್ಘ ಸ್ವರಕ್ಕೆ ಒಂದೆಡೆ ಒಂದಕ್ಷರ, ಇನ್ನೊಂದೆಡೆ ಎರಡು. ಆದ್ದರಿಂದ ಮೂರು ನಾಲ್ಕು ಬಗೆಯಲ್ಲಿ ಹುಡುಕದೆ 'ಇಲ್ಲ' ಎಂದು ಹೇಳುವಂತಿಲ್ಲ. ಸೂಚಿಪತ್ರದ ಕಾರ್ಡುಗಳಲ್ಲಿ 'ಇದನ್ನು ನೋಡಿ' ಎಂದು ಬರೆಯುತ್ತಿದ್ದ ಅಡ್ಡ ಉಲ್ಲೇಖದ ಪದ್ಧತಿ ಇದೇ ಅಲ್ಲವೇ? ಭೋರಿನ ಸಮೀಪದ ಅಣೆಕಟ್ಟನ್ನೇ ತೆಗೆದುಕೊಳ್ಳಿ. ಭಾಟಘರ್, ಲಾಯ್ಡ್ ಅಣೆಕಟ್ಟು, ಯೇಸಾಜಿ ಕಂಕ್ ಜಲಾಶಯ ಎಂಬ ಮೂರು ಹೆಸರುಗಳೂ ಅದಕ್ಕಿವೆ. ಒಂದನ್ನಷ್ಟೇ ಬಲ್ಲ ವಿದ್ಯಾರ್ಥಿಗೆ ಉಳಿದ ಎರಡನ್ನು ತಿಳಿಸಬೇಕಾದವರು ಗ್ರಂಥಪಾಲಕರು.

2022ರ ಬಳಿಕ ಬಳಕೆಗೆ ಬಂದ ಕೃತಕ ಬುದ್ಧಿಮತ್ತೆಯ ಸಂವಾದ ಸಾಧನಗಳನ್ನೂ ಪ್ರಯೋಗಿಸಿ ನೋಡಬಹುದು. ಕೇಳಿದ ಪ್ರಶ್ನೆಗೆ ಅವು ನಿರರ್ಗಳವಾಗಿ ಉತ್ತರಿಸುತ್ತವೆ. ಎಂದೂ ಅಚ್ಚಾಗದ ಪುಸ್ತಕಕ್ಕೆ ಹೆಸರು, ಪ್ರಕಾಶಕರು, ವರ್ಷ ಎಲ್ಲವನ್ನೂ ಕೊಡುವುದೂ ಉಂಟು. ಪ್ರತಿಷ್ಠಿತ ಸೂಚಿಪತ್ರವೊಂದರಲ್ಲಿ ಕಾಣದ ಹೊರತು ಅಂತಹ ಶೀರ್ಷಿಕೆಯನ್ನು ಓದುಗರಿಗೆ ಬರೆದುಕೊಡಬಾರದು.

ದೊರೆತ ಗ್ರಂಥವನ್ನು ಹಂಚುವ ಮೊದಲು ಕೃತಿಸ್ವಾಮ್ಯವನ್ನು ಗಮನಿಸಬೇಕು. 1957ರ ಕಾಯಿದೆಯಂತೆ ಲೇಖಕರು ನಿಧನರಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಆಪ್ಟೆಯವರು 1919ರಲ್ಲಿ, ಗಳಗನಾಥರು 1942ರಲ್ಲಿ ತೀರಿಕೊಂಡವರಾದುದರಿಂದ ಅವರ ಕೃತಿಗಳಿಗೆ ಆ ನಿರ್ಬಂಧವಿಲ್ಲ. ಇಂದಿನ ಲೇಖಕರ ಹೊಸ ಕಾದಂಬರಿಯನ್ನು ಪುಟಪುಟವಾಗಿ ಛಾಯಾಚಿತ್ರ ತೆಗೆದು ಗುಂಪಿಗೆ ಕಳುಹಿಸುವುದು ಬೇರೆಯೇ ಮಾತು.

ಹೊಸ ಪುಸ್ತಕಗಳ ಪಟ್ಟಿಯನ್ನು ಕಳುಹಿಸಲು ವಾಟ್ಸ್ಆ್ಯಪ್ ಉಪಯುಕ್ತ. ಆದರೆ ಹಳೆಯ ಗಣಕದಲ್ಲಿ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕನ್ನಡ ಅಥವಾ ಮರಾಠಿ ಪಟ್ಟಿಯು ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ ತಂತ್ರಾಂಶಕ್ಕೆ ಪಟ್ಟಿಯನ್ನು ಸೇರಿಸುವಾಗಲೂ ಈ ಶ್ರಮ ತಪ್ಪಿದ್ದಲ್ಲ.

ಇದಕ್ಕಿಂತ ಗಂಭೀರವಾದ ವಿಷಯ ಓದುಗರ ಗೋಪ್ಯತೆ. ಸದಸ್ಯರೆಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದರೆ ಒಬ್ಬರ ದೂರವಾಣಿ ಸಂಖ್ಯೆ ಉಳಿದವರಿಗೆಲ್ಲ ಕಾಣುತ್ತದೆ. ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕಕ್ಕಾಗಿ ಕೊಟ್ಟ ಸಂಖ್ಯೆ ಊರಿನವರ ಕೈಸೇರಿದರೆ ಅವಳು ಗ್ರಂಥಾಲಯಕ್ಕೆ ಬರುವುದನ್ನೇ ನಿಲ್ಲಿಸಬಹುದು. 2023ರಲ್ಲಿ ಆರಂಭವಾದ ವಾಟ್ಸ್ಆ್ಯಪ್ ಚಾನೆಲ್‌ನಲ್ಲಿ ಅನುಸರಿಸುವವರ ಸಂಖ್ಯೆ ಪರಸ್ಪರ ಗೋಚರಿಸುವುದಿಲ್ಲ. ಪ್ರಕಟಣೆಗಳಿಗೆ ಅದೇ ಲೇಸು. ಯಾರು ಯಾವ ಪುಸ್ತಕವನ್ನು ಕೊಂಡೊಯ್ದರು, ಯಾರು ಹಿಂದಿರುಗಿಸಿಲ್ಲ ಎಂಬುದನ್ನು ಬಹಿರಂಗವಾಗಿ ಹಾಕುವ ಅಭ್ಯಾಸ ಕೆಲವೆಡೆ ಕಾಣುತ್ತದೆ. ಇದು ಸರ್ವಥಾ ಸಲ್ಲದು. ರೋಗ, ವಿಚ್ಛೇದನ, ಸಾಲ ಮೊದಲಾದ ವಿಷಯಗಳ ಪುಸ್ತಕ ಪಡೆದವರ ಹೆಸರು ಹೊರಬೀಳುವುದೆಂದರೆ ಅವರ ಮನೆಯ ಮಾತು ಬೀದಿಗೆ ಬಂದಂತೆ. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಅಂಗೀಕರಿಸಿದೆ.

ಕೊನೆಯದಾಗಿ, ಖಾತೆಗಳ ವಿಚಾರ. ಉತ್ಸಾಹದಿಂದ ತೆರೆದ ಪುಟಗಳು ಸಾಮಾನ್ಯವಾಗಿ ಸಿಬ್ಬಂದಿಯ ಸ್ವಂತ ಮೊಬೈಲ್ ಸಂಖ್ಯೆಯಲ್ಲಿರುತ್ತವೆ. ಅವರು ನಿವೃತ್ತರಾದಾಗ ಪುಟವೂ ಅವರೊಡನೆ ಹೋಗುತ್ತದೆ. ಗ್ರಂಥಾಲಯದ ಹೆಸರಿನಲ್ಲಿಯೇ ಒಂದು ಸಂಖ್ಯೆ ಹಾಗೂ ಇ-ಮೇಲ್ ಪಡೆದು, ಖಾತೆಗಳ ವಿವರವನ್ನು ದಾಖಲೆಯಲ್ಲಿ ಬರೆದಿಟ್ಟು, ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಯವರ ವಶಕ್ಕೆ ಕೊಡಬೇಕು. ಅಧಿಕಾರ ಹಸ್ತಾಂತರದ ದಿನ ಬೀಗದ ಕೈ, ಸೇರ್ಪಡೆ ವಹಿಗಳೊಡನೆ ಇದನ್ನೂ ಎಣಿಸಿ ಒಪ್ಪಿಸಿ ಸಹಿ ಪಡೆಯಬೇಕು.