ಬೆಲೆ ಗಾಡಿಯ ಮೇಲೆ, ಖರ್ಚು ಗಾಡಿಯ ಕೆಳಗೆ

ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಕೊಳ್ಳಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಹಣದ ಮಾತು. ಕೈಯಲ್ಲಿ 6 ಲಕ್ಷ ಇದ್ದರೆ 5 ಲಕ್ಷದ ಗಾಡಿ ನೋಡಿ. ಉಳಿದ 1 ಲಕ್ಷವನ್ನು ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಗ್ಯಾರೇಜಿಗೆ ಕೊಡಲು ತೆಗೆದಿಡಿ. ಈ ಹಣ ಬೇರೆಯಾಗಿ ಇಲ್ಲದಿದ್ದರೆ ಆ ಗಾಡಿ ನಿಮ್ಮ ಬಜೆಟ್ಟಿನದಲ್ಲ.

ಮೂಡಿಗೆರೆ ಸೀಮೆಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಯವರೆಗೂ ಮಣ್ಣಿನ ಏರು. ಮುಂಗಾರು ಹಿಡಿದರೆ ಸಾಮಾನ್ಯ ಕಾರು ಅಲ್ಲಿ ಹತ್ತುವುದಿಲ್ಲ. ಗೊಬ್ಬರದ ಚೀಲ, ಕಾಫಿ ಮೂಟೆ, ಜ್ವರ ಬಂದ ಮಗು, ಹೆರಿಗೆ ನೋವು ಕಾಣಿಸಿಕೊಂಡ ಹೆಂಗಸು, ಎಲ್ಲರಿಗೂ ಒಂದೇ ಗಾಡಿ. ಹೀಗಾಗಿ ನಾನು ಹಳೆಯ ಮಹೀಂದ್ರಾ ಥಾರ್ ಕೊಂಡೆ. 2010ರಲ್ಲಿ ಬಂದು 2020ರಲ್ಲಿ ಹೊಸ ರೂಪದ ಥಾರ್‌ಗೆ ಜಾಗ ಬಿಟ್ಟುಕೊಟ್ಟಿತಲ್ಲ, ಆ ಮೊದಲ ತಲೆಮಾರಿನ ಡೀಸೆಲ್ ಗಾಡಿ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಇಂಥ ಗಾಡಿಗಳೂ ಹಳೆಯ ಜಿಪ್ಸಿ, ಜೀಪುಗಳೂ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ. ಕೊಳ್ಳುವಾಗ ಎಲ್ಲರೂ ಎಂಜಿನ್ ಸದ್ದು ಕೇಳುತ್ತಾರೆ, ಪೇಂಟ್ ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ವಿಚಾರಿಸುತ್ತಾರೆ. ಜೇಬಿಗೆ ಕತ್ತರಿ ಹಾಕುವ ಭಾಗಗಳೆಲ್ಲ ಇರುವುದು ಗಾಡಿಯ ಹೊಟ್ಟೆಯ ಕೆಳಗೆ.

ಐದು ಆಯಿಲ್, ಒಂದು ಬಿಲ್

ಇಂಥ ಗಾಡಿಯಲ್ಲಿ ಐದು ಕಡೆ ಬೇರೆ ಬೇರೆ ಆಯಿಲ್ ಇರುತ್ತದೆ: ಎಂಜಿನ್, ಗೇರ್‌ಬಾಕ್ಸ್, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್ (ಆಕ್ಸಲ್‌ನ ಗೇರುಗಳನ್ನು ಹೊತ್ತ ಪೆಟ್ಟಿಗೆ). ಮಾರುವವರು ತೋರಿಸುವ ಸರ್ವಿಸ್ ಬಿಲ್ಲುಗಳನ್ನು ಸಾವಧಾನವಾಗಿ ಓದಿ. ಬಹಳಷ್ಟರಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ವಾಟರ್ ವಾಶ್ ಇಷ್ಟೇ ಕಾಣುತ್ತದೆ. ಉಳಿದ ನಾಲ್ಕರ ಹೆಸರು ವರ್ಷಗಟ್ಟಲೆ ಬರುವುದೇ ಇಲ್ಲ. ಬಿಲ್ಲಿನಲ್ಲಿ ಇಲ್ಲದ್ದು ಆಗಿಲ್ಲವೆಂದೇ ಲೆಕ್ಕ ಹಿಡಿಯಿರಿ, ಎಲ್ಲ ಆಯಿಲನ್ನೂ ಒಮ್ಮೆಲೇ ಬದಲಾಯಿಸಿ. ಅಂದಿನಿಂದ ಲೆಕ್ಕ ನಿಮ್ಮದು.

ಗೇರ್ ಆಯಿಲ್ ಲೀಟರಿಗೆ ಕೆಲವು ನೂರು ರೂಪಾಯಿ. ಅದು ಕಾಯುವ, ಹೌಸಿಂಗಿನೊಳಗಿನ ಕ್ರೌನ್-ಪಿನಿಯನ್ ಗೇರು ಹೋದರೆ ಸಾಮಾನು, ಕೂಲಿ ಸೇರಿ ಹತ್ತಾರು ಸಾವಿರ. ಈ ಅಂತರ ಗೊತ್ತಿದ್ದವರು ಆಯಿಲ್ ವಿಷಯದಲ್ಲಿ ಜಿಪುಣತನ ಮಾಡುವುದಿಲ್ಲ.

ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಂದ ನಾನು ಕಲಿತ ಕ್ರಮ ಇದು. "ಸಾರ್, ಮೊದಲು ತುಂಬಿಸೋ ಬೋಲ್ಟ್ ಬಿಚ್ಚಬೇಕು, ಆಮೇಲೆ ಕೆಳಗಿಂದು" ಎಂದರು. ಕಾರಣ ಸರಳ. ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯ ಆಯಿಲ್ ಸುರಿದುಹೋದ ಮೇಲೆ, ತುಂಬಿಸುವ ಬೋಲ್ಟ್ ತುಕ್ಕು ಹಿಡಿದು ಬಿಚ್ಚದೆ ಕೂತರೆ ಗಾಡಿ ಅಲ್ಲೇ ಉಳಿಯಿತು.

ಇಳಿಸಿದ ಆಯಿಲನ್ನು ಚರಂಡಿಗೆ ಚೆಲ್ಲಲು ಬಿಡಬೇಡಿ, ಒಂದು ಬಿಳಿ ಡಬ್ಬಿಯಲ್ಲಿ ಹಿಡಿಸಿ. ಅದಕ್ಕಿಂತ ಒಳ್ಳೆಯ ತಪಾಸಣಾ ವರದಿ ಸಿಗುವುದಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ. ಆಯಸ್ಕಾಂತವಿರುವ ಬೋಲ್ಟಿನ ತುದಿಗೆ ಬೂದುಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ ಎಂದರ್ಥ.

ಆಯಿಲ್ ಕೊಳ್ಳುವಾಗ ಗಾಡಿಯ ಕೈಪಿಡಿಯನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಹೌಸಿಂಗಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಆಯಿಲ್ ಬೇಕು. ಅದನ್ನೇ ಜಿಎಲ್-4 ಕೇಳುವ ಗೇರ್‌ಬಾಕ್ಸಿಗೂ ಸುರಿದರೆ ಒಳಗಿನ ಹಿತ್ತಾಳೆ ರಿಂಗುಗಳಿಗೆ ಕೇಡು. ಕೆಲವು ಟ್ರಾನ್ಸ್‌ಫರ್ ಕೇಸ್‌ಗಳಿಗೆ ಗೇರ್ ಆಯಿಲ್ ಆಗುವುದೇ ಇಲ್ಲ, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಬೇಕು. "ಎಲ್ಲಕ್ಕೂ ಒಂದೇ ನಡೆಯುತ್ತೆ" ಎನ್ನುವ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ.

ಸಣ್ಣ ಸಾಮಾನು, ದೊಡ್ಡ ಬಿಲ್

ಹೌಸಿಂಗಿನ ಮೇಲೆ ಬ್ರೀದರ್ ಎಂಬ ಪುಟ್ಟ ಉಸಿರುಗೊಳವೆ ಇರುತ್ತದೆ. ಓಡುವಾಗ ಒಳಗಿನ ಆಯಿಲ್ ಬಿಸಿಯಾಗಿ ಗಾಳಿ ಹಿಗ್ಗುತ್ತದೆ, ಅದು ಹೊರಹೋಗುವ ದಾರಿ ಇದೇ. ಕೆಸರು ಕಟ್ಟಿ ಬ್ರೀದರ್ ಮುಚ್ಚಿಹೋದರೆ ಒತ್ತಡ ಆಯಿಲ್ ಸೀಲನ್ನು ತಳ್ಳುತ್ತದೆ. ಅದೇ ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಸೀಲ್ ಸೋತರೆ ಆಯಿಲ್ ಹಿಂಚಕ್ರದ ಡ್ರಮ್ಮಿನೊಳಗೆ ಇಳಿದು ಬ್ರೇಕ್ ಲೈನರ್ ನೆನೆಯುತ್ತದೆ. ಒಂದು ಪುಟ್ಟ ಕೊಳವೆ ಶುಚಿ ಮಾಡದ್ದಕ್ಕೆ ಸೀಲ್, ಬೇರಿಂಗ್, ಲೈನರ್ ಸರದಿಯಲ್ಲಿ ಹೋಗುತ್ತವೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಆಗುವ ನಷ್ಟವನ್ನು ರೂಪಾಯಿಯಲ್ಲಿ ಬರೆಯಲಾಗದು. ಆದ್ದರಿಂದ ಹಿಂಚಕ್ರದ ಒಳಬದಿ ಒದ್ದೆಯಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ನಮ್ಮ ಥಾರ್‌ನಂತೆ ಮುಂದಿನ ಎರಡು ಚಕ್ರಗಳಿಗೂ ಬಿಡಿಬಿಡಿ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಆಕ್ಸಲ್‌ನ ಎರಡೂ ತುದಿಗೆ ಒಳಗಿನ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಇರುತ್ತದೆ. ನಮ್ಮ ಗಾಡಿಯನ್ನು ಕೊಳ್ಳುವ ಮುಂಚೆ ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿದಾಗ ಒಂದು ಬೂಟ್ ಹರಿದು ಗ್ರೀಸ್ ಸುತ್ತ ಚೆಲ್ಲಿತ್ತು. ಬೂಟು, ಗ್ರೀಸು ಅಗ್ಗ. ಹರಿದ ಬೂಟಿನಲ್ಲೇ ಒಂದು ಮಳೆಗಾಲ ಓಡಿಸಿದರೆ ಮರಳು ಸೇರಿ ಜಾಯಿಂಟೇ ಹಾಳಾಗುತ್ತದೆ, ಅದು ದುಬಾರಿ. ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನಕ್ಕೆ ಓಡಿಸಿದಾಗ ಟಕಟಕ ಸದ್ದು ಬಂದರೆ ಜಾಯಿಂಟ್ ಈಗಾಗಲೇ ಸವೆದಿದೆ.

ಮುಂದಿನದು ಟ್ರಾನ್ಸ್‌ಫರ್ ಕೇಸ್‌ನಿಂದ ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿ, ಮೇಲೆ ಕೆಳಗೆ ಅಲ್ಲಾಡಿಸಿ. ತುಸು ತಿರುಗುವುದು ಸಹಜ. ಶಾಫ್ಟಿನ ತುದಿಯ ಕೀಲಾದ ಕ್ರಾಸ್ ಇರುವ ಜಾಗದಲ್ಲೇ ಆಟ ಕಂಡರೆ ಕ್ರಾಸ್ ಬದಲಾಯಿಸಬೇಕು. ಗ್ರೀಸ್ ನಿಪ್ಪಲ್ ಇದ್ದರೆ ಗನ್ ಹಿಡಿದು ಹೊಸ ಗ್ರೀಸ್ ಹೊರಬರುವವರೆಗೂ ತುಂಬಿಸಿ. ಕೆಸರು, ಹಳ್ಳ ದಾಟುವ ಗಾಡಿಗೆ ಗ್ರೀಸ್ ಹೊಡೆಯುವುದಕ್ಕಿಂತ ಅಗ್ಗದ ವಿಮೆ ಇಲ್ಲ.

ಎಂಜಿನ್ ವಿಷಯ ಬಹುತೇಕರಿಗೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಬೆಳಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಕೆಸರಿನ ಗೆರೆ ಇದ್ದರೆ ಗಾಡಿ ಆಳದ ನೀರಿಗೆ ಇಳಿದಿರಬಹುದು. ಕೂಲಂಟ್, ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಲಿವರ್ ಎಳೆದು ನೋಡಿ

ಫೋರ್ ವೀಲ್ ಕೆಲಸ ಮಾಡುತ್ತದೆ ಎಂಬ ಬಾಯಿಮಾತು ಸಾಲದು, ಡ್ಯಾಶ್‌ಬೋರ್ಡಿನ ದೀಪವೂ ಸಾಲದು. ಸಡಿಲ ಮಣ್ಣಿನ ಏರಿಗೆ ಕರೆದೊಯ್ದು ಲಿವರಿನಲ್ಲಿ 4ಎಚ್ (ಸಾಮಾನ್ಯ ವೇಗದ ಫೋರ್ ವೀಲ್) ಹಾಕಿಸಿ, ಮುಂದಿನ ಚಕ್ರ ಮಣ್ಣು ಕೆದರಿ ಎಳೆಯುತ್ತಿದೆಯೇ ಎಂದು ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಗಾಡಿ ನಿಲ್ಲಿಸಿ ಕ್ಲಚ್ ಒತ್ತಿ 4ಎಲ್ (ನಿಧಾನ, ಹೆಚ್ಚು ಎಳೆತದ ಫೋರ್ ವೀಲ್) ಕೂಡ ಹಾಕಿ ತೆಗೆಯಿರಿ. ಮುಂಚಕ್ರದ ನಡುವಿನ ಹಬ್ ಅನ್ನು ಕೈಯಲ್ಲೇ ತಿರುಗಿಸಿ ಲಾಕ್ ಮಾಡುವ ಹಳೆಯ ಗಾಡಿಗಳಲ್ಲಿ ಎರಡೂ ಹಬ್ ಸಲೀಸಾಗಿ ತಿರುಗಬೇಕು.

ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಆ ವ್ಯತ್ಯಾಸ ಸರಿದೂಗಿಸುವ ನಡುವಿನ ಡಿಫರೆನ್ಷಿಯಲ್ ಇಲ್ಲದ ಇಂಥ ಗಾಡಿಗಳಲ್ಲಿ 4ಎಚ್ ಹಾಕಿದರೆ ಎರಡೂ ಆಕ್ಸಲ್ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಮಣ್ಣಿನಲ್ಲಿ ಚಕ್ರ ಜಾರಿ ಸರಿಹೊಂದಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಶಾಫ್ಟು, ಗೇರುಗಳು ಬಿಗಿದುಕೊಂಡು ಸವೆಯುತ್ತವೆ, ಲಿವರ್ ವಾಪಸ್ ಬರುವುದೇ ಕಷ್ಟವಾಗುತ್ತದೆ. ಕೊಂಡ ಮೇಲೆ ತಿಂಗಳಿಗೊಮ್ಮೆಯಾದರೂ ಮಣ್ಣು ರಸ್ತೆಯಲ್ಲಿ ಸ್ವಲ್ಪ ದೂರ ಫೋರ್ ವೀಲ್‌ನಲ್ಲಿ ಓಡಿಸಿ. ಮುಂದಿನ ಭಾಗಗಳಿಗೆ ಆಯಿಲ್ ಹರಡುತ್ತದೆ, ಲಿವರ್ ಜಾಮ್ ಆಗುವುದಿಲ್ಲ.

ಟೈರಿಗೂ ಇದೇ ತರ್ಕ. ನಾಲ್ಕೂ ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಆಗಿರಬೇಕು. ಮುಂದೆ ಹೊಸದು, ಹಿಂದೆ ಬೋಳಾದದ್ದು ಇದ್ದರೆ ಫೋರ್ ವೀಲ್ ಹಾಕಿದಾಗಲೆಲ್ಲ ಆ ವ್ಯತ್ಯಾಸ ಗೇರುಗಳ ಮೇಲೆ ಬೀಳುತ್ತದೆ. ಟೈರಿನ ಬದಿಯ ನಾಲ್ಕಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ ತಯಾರಿ. ಮೊದಲ ವರ್ಷದ ಬಿಲ್ಲುಗಳಲ್ಲಿ ಟೈರಿನದೇ ದೊಡ್ಡದಾಗಬಹುದು. ಆದ್ದರಿಂದ ಚೌಕಾಸಿ ಶುರು ಮಾಡುವ ಮೊದಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಕಾಗದದ ಸರ್ವಿಸ್

ಛಾಸಿಯ ಮೇಲೆ ಕೊರೆದ ನಂಬರ್ ಮತ್ತು ಆರ್‌ಸಿಯ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸಾಲವಿದ್ದ ಗಾಡಿಯಾದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಎನ್ಒಸಿ ಮತ್ತು ಫಾರಂ 35 ಕೇಳಿ. ವರ್ಗಾವಣೆಗೆ ಫಾರಂ 29, 30 ಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿಯ ಜೊತೆ ಬರುವುದಿಲ್ಲ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು.

ದಪ್ಪ ಟೈರು, ಎತ್ತರಿಸಿದ ಸಸ್ಪೆನ್ಷನ್, ಕತ್ತರಿಸಿ ಬೆಸೆದ ಬಾಡಿ ಇರುವ ಗಾಡಿ ಕಣ್ಣಿಗೆ ಚೆಂದ. ಕಂಪನಿ ಕೊಟ್ಟ ಮೂಲ ರಚನೆಯನ್ನು ಹೀಗೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಪಘಾತವಾದಾಗ ವಿಮಾ ಕ್ಲೇಮಿಗೂ ತಕರಾರು ಬರಬಹುದು. ಬದಲಾವಣೆಗೆ ಹಾಕಿದ ಹಣವನ್ನು ಮಾರುವವರು ಬೆಲೆಗೆ ಸೇರಿಸಿ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಬೆಲೆಯಿಂದ ಕಳೆಯಬೇಕಾದ ಬಾಬತ್ತು.

ಖರ್ಚಿನ ಸರದಿ

ಕೊಳ್ಳುವ ಮುಂಚೆ ನೀವೇ ಆರಿಸಿದ ಗ್ಯಾರೇಜಿಗೆ ಹಣ ಕೊಟ್ಟು ಗಾಡಿಯನ್ನು ಪಿಟ್ ಮೇಲೆ ನೋಡಿಸಿ. ನಾನು ಹಾಗೆ ಮಾಡಿ, ಮೆಕ್ಯಾನಿಕ್ ಹೇಳಿದ ಪ್ರತಿ ಕೊರತೆಯ ಎದುರು ಸಾಮಾನಿನ ಬೆಲೆ, ಕೂಲಿ ಬರೆಸಿಕೊಂಡೆ. ಆ ಪಟ್ಟಿಯನ್ನು ಮಾರುವವರ ಮುಂದಿಟ್ಟು ಮಾತಾಡಿದೆ. ಸುಮ್ಮನೆ "ಸ್ವಲ್ಪ ಕಡಿಮೆ ಮಾಡಿ" ಅಂದಿದ್ದರೆ ಇಳಿಯದಷ್ಟು ಬೆಲೆ ಇಳಿಯಿತು. ತಪಾಸಣೆಗೆ ಕೊಟ್ಟ ಹಣ ಅಲ್ಲೇ ಹಲವು ಪಟ್ಟಾಗಿ ವಾಪಸ್ ಬಂತು.

ತೆಗೆದಿಟ್ಟ ಹಣವನ್ನು ಸರದಿಯಲ್ಲಿ ಖರ್ಚು ಮಾಡಿ. ಮೊದಲು ಜೀವ ಕಾಯುವವು: ಬ್ರೇಕ್, ಸ್ಟಿಯರಿಂಗ್, ಟೈರು. ಆಮೇಲೆ, ತಡ ಮಾಡಿದರೆ ಖರ್ಚು ಹತ್ತು ಪಟ್ಟಾಗುವಂಥವು: ಆಯಿಲ್‌ಗಳು, ಸೀಲು, ಬೂಟು, ಬ್ರೀದರ್, ಕ್ರಾಸ್, ಕೂಲಂಟ್. ಮೂರನೆಯದಾಗಿ, ಇನ್ನೂ ಕೆಲ ಕಾಲ ತಳ್ಳಬಹುದಾದ ಕ್ಲಚ್, ಶಾಕ್ ಅಬ್ಸಾರ್ಬರ್. ಸೀಟ್ ಕವರ್, ಹೆಚ್ಚುವರಿ ದೀಪ, ಪೇಂಟ್ ಎಲ್ಲ ಕೊನೆಗೆ, ಹಣ ಉಳಿದರೆ.

ಮೂರು ಸಂಗತಿ ಕಂಡರೆ ಎಷ್ಟೇ ಅಗ್ಗವಾದರೂ ಗಾಡಿ ಬಿಟ್ಟುಬಿಡಿ: ಬಿರುಕು ಬಿಟ್ಟ ಅಥವಾ ತುಕ್ಕು ತಿಂದ ಛಾಸಿ, ಲೋಹದ ಚೂರು ಸಿಗುವ ಆಯಿಲ್, ಹೊಂದದ ಕಾಗದ. ನಮ್ಮ ಕಡೆ ಛಾಸಿಯನ್ನು ವಿಶೇಷವಾಗಿ ನೋಡಬೇಕು. ಮಳೆ ಒಂದು ಕಡೆ, ವರ್ಷಗಟ್ಟಲೆ ಹೊತ್ತ ರಸಗೊಬ್ಬರ ಇನ್ನೊಂದು ಕಡೆ ಕಬ್ಬಿಣವನ್ನು ತಿನ್ನುತ್ತವೆ. ಹೊಸದಾಗಿ ಕಪ್ಪು ಬಳಿದಿದ್ದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ.

ಕೊಂಡ ಮೇಲೆ ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಮತ್ತು ಮಳೆ ಬಿಟ್ಟ ಮೇಲೆ ಕೊಯ್ಲಿಗೆ ಮೊದಲು, ಇದೇ ಪಟ್ಟಿ ಹಿಡಿದು ಪಿಟ್‌ಗೆ ಹೋಗಿ. ಹಳ್ಳದ ನೀರಿನಲ್ಲಿ ಹೌಸಿಂಗ್ ಮುಳುಗಿದ್ದರೆ ಆಯಿಲಿನ ಬಣ್ಣ ನೋಡಲು ಅಷ್ಟು ದಿನ ಕಾಯಬೇಡಿ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್, ಬಿಲ್ ಸಮೇತ ಬರೆದಿಡಿ. ನಾಳೆ ನೀವೇ ಮಾರುವಾಗ ಕೇಳಿದ ಬೆಲೆಗೆ ಆ ಪುಸ್ತಕವೇ ಆಧಾರ.

ಈ ಸರ್ವಿಸ್ ಖರ್ಚಿಗೆಂದು ತಿಂಗಳಿಗೆ 2,500 ರೂಪಾಯಿ ಬೇರೆ ಖಾತೆಗೆ ಹಾಕಿದರೆ ವರ್ಷಕ್ಕೆ 30,000 ಆಯಿತು. ಕಂತು, ಡೀಸೆಲ್, ವಿಮೆಯ ಮೇಲೆ ಈ ಮೊತ್ತವನ್ನೂ ಕೂಡಿಸಿ ನೋಡಿ. ಕೈಗೆ ಎಟುಕಿದರೆ ಧೈರ್ಯವಾಗಿ ಕೊಳ್ಳಿ, ಮಲೆನಾಡಿನ ಮನೆಗೆ ಅದು ಅಗತ್ಯದ ಗಾಡಿ. ಎಟುಕದಿದ್ದರೆ ಒಳ್ಳೆಯ ಟು ವೀಲ್ ಡ್ರೈವ್ ಬೊಲೆರೊ ಕೊಂಡು ಅದನ್ನೇ ಚೆನ್ನಾಗಿ ನೋಡಿಕೊಳ್ಳಿ. ಸರಿಯಾಗಿ ಸರ್ವಿಸ್ ಆದ ಎರಡು ಚಕ್ರ, ಸರ್ವಿಸ್ ಕಾಣದ ನಾಲ್ಕು ಚಕ್ರಕ್ಕಿಂತ ನಿಮ್ಮನ್ನು ಹೆಚ್ಚು ದೂರ ಒಯ್ಯುತ್ತದೆ.