ಹಳೆಯ ತಪ್ಪು, ಹೊಸ ಬದುಕು

ನಿಮ್ಮ ಕೇರಿಯ ಹುಡುಗನೊಬ್ಬ 16ರಲ್ಲಿ ಸೈಕಲ್ ಕದ್ದು ಬಾಲನ್ಯಾಯ ಮಂಡಳಿಯ ಮುಂದೆ ನಿಂತಿದ್ದನೆನ್ನಿ. ಈಗ ಅವನಿಗೆ 24. ಕೆಲಸಕ್ಕೆ ಪೊಲೀಸರ ನಡತೆ ಪತ್ರ ಬೇಕು, ತಾಯಿಗೆ ನಿದ್ದೆಯಿಲ್ಲ.

ಆಕೆಗೆ ಹೇಳಿರಿ: 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ, ಮುಗಿದ ಪ್ರಕರಣದ ದಾಖಲೆಯನ್ನು ಪೊಲೀಸರು ನಡತೆ ಪತ್ರಕ್ಕಾಗಿ ಬಹಿರಂಗಪಡಿಸುವಂತಿಲ್ಲ. 24ನೇ ಕಲಮು ಇನ್ನೂ ಉದಾರ. ಮೇಲ್ಮನವಿಯ ಅವಧಿ ಅಥವಾ ನಿಯಮ ಹೇಳಿದ ಕಾಲ ಕಳೆದ ಮೇಲೆ ದಾಖಲೆಗಳನ್ನು ನಾಶಪಡಿಸಲು ಮಂಡಳಿಯೇ ಆದೇಶಿಸಬೇಕು. 16 ತುಂಬಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರೆನಿಸಿದವರಿಗೆ ಮಾತ್ರ ಈ ಅವಕಾಶವಿಲ್ಲ.

ಪೂಜೆ ಮುಗಿಸಿ ಹೊರಬರುವಾಗ ‘ಅವನೇ ಅಲ್ಲವೇ?’ ಎಂದು ಪಿಸುಗುಟ್ಟುವ ನಮ್ಮನ್ನು ತಡೆಯುವ ಕಲಮು ಇನ್ನೂ ಬಂದಿಲ್ಲ! ಅದಿರಲಿ, ಆದೇಶ ಹೊರಟಿದೆಯೇ ಎಂದು ಆ ತಾಯಿ ಮಂಡಳಿಯಲ್ಲಿ ವಿಚಾರಿಸಲಿ. ಒಬ್ಬಳೇ ಹೋಗಲು ಅಳುಕಿದರೆ ನೀವು ಜೊತೆಗೆ ಹೋಗಿರಿ.